ಸೀಮಂತಕ್ಕೆ ಐದು ದಿನ, ಮಗನ ಮೈತುಂಬ ಗುಳ್ಳೆ

ಬೇಸಿಗೆ ರಜೆ ಮತ್ತು ದಸರಾ ರಜೆಯಲ್ಲಿ ಈ ಬಗೆಯ ಕರೆ ತಪ್ಪದೆ ಬರುತ್ತದೆ. ತುಮಕೂರು, ತಿಪಟೂರು, ಶಿರಾ ಕಡೆಯಿಂದಲೂ ಈಗ ಜನ ಸಿಂಗಪುರ, ಮಲೇಷ್ಯಾ, ಬ್ಯಾಂಕಾಕ್, ದುಬೈ ಅಂತ ಪ್ಯಾಕೇಜ್ ಟೂರಿಗೆ ಹೊರಡುತ್ತಾರೆ. ಅದಕ್ಕಾಗಿ ಚೀಟಿ ಕಟ್ಟಿರುತ್ತಾರೆ, ಅಂಗಡಿಗೆ ಬದಲಿ ಆಳು ನೋಡಿರುತ್ತಾರೆ, ನೆಂಟರಿಗೆಲ್ಲ ಹೇಳಿಕೊಂಡು ಹೋಗಿರುತ್ತಾರೆ. ಅಲ್ಲಿ ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಏಳುತ್ತವೆ. ಡಾಕ್ಟರು, ಔಷಧಿ ಎಲ್ಲ ಅಲ್ಲೂ ಸಿಗುತ್ತದೆ. ಸಲಹೆ ಕೇಳಿ ನನಗೆ ಫೋನ್ ಮಾಡುವವರ ಪ್ರಶ್ನೆ ಬೇರೆ. ಯಾರಿಗೂ ಹೇಳದೆ ವಿಮಾನ ಹತ್ತಿಬಿಡೋಣವಾ ಅನ್ನುವುದು ಒಂದು. ಇದು ಯಾರಿಂದ ಬಂತು ಅನ್ನುವುದು ಇನ್ನೊಂದು. ಎರಡನೆಯದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ, ಆದರೆ ಹೋಟೆಲ್ ರೂಮಿನ ಜಗಳವೆಲ್ಲ ಅದರ ಸುತ್ತಲೇ ನಡೆದಿರುತ್ತದೆ.

ಇಲ್ಲಿ ಹೇಳುವ ಕುಟುಂಬದ ಗುರುತು ಸಿಗದಂತೆ ಊರು, ಕಸುಬು, ವಯಸ್ಸು ಬದಲಿಸಿದ್ದೇನೆ. ರೋಗದ ದಿನಗಳ ಲೆಕ್ಕ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ, ಏಕೆಂದರೆ ಸಲಹೆ ನಿಂತಿರುವುದೇ ಆ ಲೆಕ್ಕದ ಮೇಲೆ.

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದವರು. ಗಂಡ, ಹೆಂಡತಿ, ಗಂಡನ ತಾಯಿ, ಹನ್ನೊಂದರ ಮಗಳು, ಏಳರ ಮಗ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು ಕ್ವಾಲಾಲಂಪುರ ನೋಡಿ, ಮಂಗಳವಾರ ಬಸ್ಸಿನಲ್ಲಿ ಸಿಂಗಪುರ ತಲುಪಿದ್ದರು. ಮಗನಿಗೆ ಸೋಮವಾರ ಸಂಜೆ ಮೈ ಬಿಸಿ. ಹೋಟೆಲಿನ ಈಜುಕೊಳದಲ್ಲಿ ಆಡಿದ್ದಕ್ಕೆ ಅಂದುಕೊಂಡು ಜ್ವರದ ಸಿರಪ್ ಕೊಟ್ಟರು. ಮಂಗಳವಾರ ರಾತ್ರಿ ಅಂಗಿ ಬಿಚ್ಚಿದಾಗ ಎದೆ, ಬೆನ್ನು, ಹೊಟ್ಟೆಯ ಮೇಲೆ ಕೆಂಪು ಚುಕ್ಕೆ. ಬೆಳಗಾಗುವಷ್ಟರಲ್ಲಿ ಕೆಲವು ನೀರ್ಗುಳ್ಳೆಯಾಗಿದ್ದವು. ಬುಧವಾರ ಕ್ಲಿನಿಕ್ಕಿನಲ್ಲಿ ಚಿಕನ್‌ಪಾಕ್ಸ್ ಅಂದರು. ವಾಪಸ್ ವಿಮಾನ ಶುಕ್ರವಾರ. ಮುಂದಿನ ಸೋಮವಾರ ಮನೆಯಲ್ಲಿ ಸೀಮಂತ. ಗಂಡನ ತಂಗಿ ಏಳು ತಿಂಗಳ ಚೊಚ್ಚಲ ಬಸುರಿ, ಆಗಲೇ ತವರಿಗೆ ಬಂದಿದ್ದಳು. ಛತ್ರ ಗೊತ್ತಾಗಿತ್ತು, ಅಡಿಗೆಯವರಿಗೆ ಮುಂಗಡ ಹೋಗಿತ್ತು.

ಹೆಂಡತಿ ಬುಧವಾರ ರಾತ್ರಿ ವೀಡಿಯೊ ಕರೆ ಮಾಡಿದರು. ನಮ್ಮಲ್ಲಿ ಒಂಬತ್ತೂವರೆ, ಸಿಂಗಪುರ ಎರಡೂವರೆ ಗಂಟೆ ಮುಂದಿರುವುದರಿಂದ ಅಲ್ಲಿ ನಡುರಾತ್ರಿ. ಮೂವರು ದೊಡ್ಡವರೂ ಒಂದೇ ರೂಮಿನಲ್ಲಿದ್ದರು. ಊರಿನಿಂದ ನೆಂಟರೊಬ್ಬರು ಫೋನಿನಲ್ಲಿ ಒಂದು ಉಪಾಯ ಹೇಳಿಕೊಟ್ಟಿದ್ದರು: ಉದ್ದ ತೋಳಿನ ಅಂಗಿ ಹಾಕಿ, ಮುಖಕ್ಕೆ ಪೌಡರ್ ಬಳಿದು, ಮಾಸ್ಕ್ ಏರಿಸಿ, ಸಿರಪ್ ಕುಡಿಸಿ ಮಲಗಿಸಿಬಿಡಿ, ನಾಲ್ಕೂವರೆ ಗಂಟೆ ತಾನೆ.

ಅಷ್ಟರಲ್ಲಿ ಮೂವರ ಬಳಿಯೂ ಒಂದೊಂದು ಆರೋಪ ಸಿದ್ಧವಿತ್ತು. ಊರ ಮಾರಮ್ಮನ ಹರಕೆ ತೀರಿಸದೆ ಸಮುದ್ರ ದಾಟಿದ್ದಕ್ಕೆ ಹೀಗಾಯಿತು ಅಂತ ಅತ್ತೆ. ಬೇಸಿಗೆ ಶಿಬಿರಕ್ಕೆ ಸೇರಿಸಿದವಳು ನೀನು, ಲಸಿಕೆ ಹಾಕಿಸದೆ ಬಿಟ್ಟವಳೂ ನೀನೇ ಅಂತ ಗಂಡ. ನಿಮ್ಮ ಅಣ್ಣನ ಮನೆ ಗೃಹಪ್ರವೇಶದಲ್ಲಿ ಒಂದು ಮಗುವಿಗೆ ಮೈಮೇಲೆ ಏನೋ ಎದ್ದಿತ್ತಲ್ಲ, ಅಲ್ಲಿಂದಲೇ ಬಂದದ್ದು ಅಂತ ಹೆಂಡತಿ.

ಲಸಿಕೆಯ ಮಾತನ್ನು ಇಲ್ಲೇ ಮುಗಿಸುತ್ತೇನೆ. ಚಿಕನ್‌ಪಾಕ್ಸ್ ಲಸಿಕೆ ನಮ್ಮ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ ಎರಡು ಡೋಸ್ ಹಾಕಿಸಿ ಅನ್ನುತ್ತದೆ, ಮೊದಲನೆಯದು ಹದಿನೈದು ತಿಂಗಳಿಗೆ. ದುಡ್ಡು ಕೊಟ್ಟು ಖಾಸಗಿಯಾಗಿ ಹಾಕಿಸಬೇಕು. ಆರೋಗ್ಯ ಕೇಂದ್ರದಲ್ಲಿ ಕರೆದಾಗಲೆಲ್ಲ ತಪ್ಪದೆ ಹೋದ ತಾಯಿಗೆ ಈ ಒಂದು ಲಸಿಕೆ ಬಿಟ್ಟುಹೋಗಿರುವುದು ಗೊತ್ತೇ ಆಗದಿರಬಹುದು. ಅದು ಅವಳ ನಿರ್ಲಕ್ಷ್ಯ ಹೇಗಾಯಿತು? ಅಷ್ಟೂ ಭೇಟಿಗಳಲ್ಲಿ ಅಪ್ಪ ಎಲ್ಲಿದ್ದ ಅನ್ನುವ ಪ್ರಶ್ನೆ ಬಾಯಿತುದಿಗೆ ಬರುತ್ತದೆ, ಆದರೆ ನಡುರಾತ್ರಿ ಅದನ್ನು ಕೇಳಿದರೆ ಜಗಳಕ್ಕೆ ಇನ್ನೊಂದು ಕಟ್ಟಿಗೆ ಹಾಕಿದಂತೆ.

ಅದಕ್ಕೆ ಹೋಟೆಲಿನ ಬರೆಯುವ ಹಾಳೆ ತೆಗೆದುಕೊಂಡು ಕಳೆದ ಮೂರು ವಾರದ ದಿನಗಳನ್ನು ಸಾಲಾಗಿ ಬರೆಯಿರಿ ಅಂದೆ. ವೈರಾಣು ಮೈಸೇರಿ ಗುಳ್ಳೆ ಏಳಲು 10ರಿಂದ 21 ದಿನ ಹಿಡಿಯುತ್ತದೆ. ಮಂಗಳವಾರದಿಂದ ಹಿಂದಕ್ಕೆ ಹತ್ತು ದಿನ ಎಣಿಸಿ ಒಂದು ಗೆರೆ, ಇಪ್ಪತ್ತೊಂದು ದಿನ ಎಣಿಸಿ ಇನ್ನೊಂದು ಗೆರೆ. ರೋಗ ತಗಲಿದ್ದು ಆ ಎರಡು ಗೆರೆಗಳ ನಡುವೆ. ಮೊದಲು ಗೊತ್ತಾದದ್ದು ಏನೆಂದರೆ ಆ ಹುಡುಗ ರೋಗವನ್ನು ಊರಿನಿಂದಲೇ ತಂದಿದ್ದ. ಕ್ವಾಲಾಲಂಪುರದ ಈಜುಕೊಳಕ್ಕೂ ಟೂರಿನ ಊಟಕ್ಕೂ ಸಂಬಂಧವಿಲ್ಲ. ಎರಡು ಗೆರೆಗಳ ನಡುವೆ ಶಾಲೆಯ ಕೊನೆಯ ದಿನಗಳಿದ್ದವು, ಶಿಬಿರವಿತ್ತು, ಗೃಹಪ್ರವೇಶವೂ ಇತ್ತು. ಎರಡು ಸಲ ಆರ್‌ಟಿಒ ಕಚೇರಿಗೆ ಹೋಗುವಾಗ ಗಂಡ ಮಗನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದದ್ದೂ ಇತ್ತು.

ಗಂಡ ಹಾಳೆಯನ್ನೇ ನೋಡುತ್ತಾ ಕೂತು, "ಎಣಿಸಿದ್ದಾಯ್ತು ಮೇಡಂ. ಈಗ ಯಾರನ್ನ ಬೈಯೋದು?" ಅಂದರು.

ಆ ರಾತ್ರಿ ಮೊದಲ ಸಲ ಹೆಂಡತಿ ನಕ್ಕಿದ್ದು ಆಗ. ತಪ್ಪು ಯಾರದೂ ಅಲ್ಲ ಅಂತ ನಾನು ಬಾಯಲ್ಲಿ ಹೇಳಿದ್ದರೆ ಅದು ಸಮಾಧಾನದ ಮಾತಾಗುತ್ತಿತ್ತು, ಯಾರೂ ನಂಬುತ್ತಿರಲಿಲ್ಲ. ಅವರೇ ಎಣಿಸಿ ನೋಡಿದ್ದರಿಂದ ನಂಬಿದರು. ಇದೇ ಲೆಕ್ಕವನ್ನು ಎಲ್ಲ ರೋಗಕ್ಕೂ ಹಾಕಬೇಡಿ. ಕೈ-ಕಾಲು-ಬಾಯಿ ರೋಗಕ್ಕೆ 3ರಿಂದ 6 ದಿನ ಸಾಕು, ಅದು ಪ್ರವಾಸದಲ್ಲೇ ತಗಲಿರಬಹುದು. ದಡಾರಕ್ಕೆ ಸುಮಾರು ಎರಡು ವಾರ, ಅದು ಮೈಮೇಲೆ ಕಾಣುವ ನಾಲ್ಕು ದಿನ ಮುಂಚಿನಿಂದಲೇ ಇನ್ನೊಬ್ಬರಿಗೆ ಹರಡುತ್ತದೆ.

ಬೈಗುಳ ನಿಂತಿತು, ವಿಮಾನದ ವಿಷಯ ಹಾಗೇ ಉಳಿಯಿತು. ಗಂಡ ಅರ್ಧ ಮನಸ್ಸಿನಲ್ಲಿದ್ದರು. ಅತ್ತೆ ಮಾತ್ರ ಕದಲಲಿಲ್ಲ. "ಮಗಳ ಸೀಮಂತದಲ್ಲಿ ತಾಯಿ ಇಲ್ದೆ, ಅಣ್ಣ ಇಲ್ದೆ, ಅತ್ತಿಗೆ ಇಲ್ದೆ ಹೆಂಗೆ ಮೇಡಮ್ಮ? ಬೀಗರು ಏನಂದುಕೊಂಡಾರು? ಅಮ್ಮ ಬಂದಿರೋದು ಮಗೀಗೆ, ಮೂರು ದಿನ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ರೆ ಇಳೀತಾಳೆ. ಪರದೇಶದಲ್ಲಿ ಯಾರಿದ್ದಾರೆ ನೋಡ್ಕಳಕೆ?"

ಹಿರಿಯರು ಹೀಗೆ ಹೇಳಿದಾಗ ವೈರಸ್ಸು, ವಿಜ್ಞಾನ ಅಂತ ಎದುರಾಡುವುದನ್ನು ನಾನು ಸರಿಯೆಂದು ಒಪ್ಪುವುದಿಲ್ಲ. ಆಕೆಯ ಮಾತಿನಲ್ಲಿ ಮೂರು ಭಯಗಳಿದ್ದವು, ಒಂದಕ್ಕೂ ದೇವರ ಸಂಬಂಧವಿರಲಿಲ್ಲ. ಮಗಳ ಮಾನ, ಬೀಗರ ಮಾತು, ಗೊತ್ತಿಲ್ಲದ ಊರು. ಇದಕ್ಕೆಲ್ಲ ಉತ್ತರ ಕೊಡುವ ಬದಲು ಒಂದೇ ಪ್ರಶ್ನೆ ಕೇಳಿದೆ: "ಶುಕ್ರವಾರ ರಾತ್ರಿ ಮನೆ ಬಾಗಿಲಿಗೆ ಹೋದಿರಿ ಅಂದುಕೊಳ್ಳಿ. ಮೊಮ್ಮಗನನ್ನ ಮೊದಲು ಎತ್ತಿಕೊಳ್ಳೋರು ಯಾರಮ್ಮ?"

"ಇನ್ಯಾರು, ನಮ್ಮ ಹುಡುಗೀನೇ. ಅವಳ ಕೈಯಲ್ಲೇ ಬೆಳೆದೋನು. ಹೊಟ್ಟೆ ಹೊತ್ಕೊಂಡು ಎತ್ಬೇಡ ಕಣೆ ಅಂದ್ರೂ ಕೇಳಕಿಲ್ಲ, ಬಾಗಿಲಲ್ಲೇ..."

ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಕೇಳಿದರು, "ಬಸುರಿಗೆ ಇದು ಅಂಟಿದ್ರೆ?"

ಹೆದರಿಸದೆ, ಮರೆಮಾಚದೆ ಹೇಳಿದೆ. ಚಿಕ್ಕಂದಿನಲ್ಲಿ ಆಗಿದ್ದರೆ ಸಾಮಾನ್ಯವಾಗಿ ಮತ್ತೆ ಆಗುವುದಿಲ್ಲ. ಆಗಿಲ್ಲದ ಬಸುರಿಗೆ ಬಂದರೆ ಮಕ್ಕಳಿಗೆ ಬಂದಷ್ಟು ಹಗುರವಾಗಿ ಹೋಗದು, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಹೆರಿಗೆಯ ಆಸುಪಾಸಿನ ದಿನಗಳಲ್ಲಿ ಬಂದರೆ ಹುಟ್ಟಿದ ಮಗುವಿಗೂ ಕಂಟಕ. ನಿಮ್ಮ ಮಗಳಿಗೆ ಆಗಿತ್ತಾ? ಅತ್ತೆ ನೆನಪು ಮಾಡಿಕೊಂಡರು. ಮನೆಯ ಹುಡುಗರಿಗೆಲ್ಲ ಆದಾಗ ಅವಳನ್ನು ದೊಡ್ಡಮ್ಮನ ಊರಿಗೆ ಕಳಿಸಿದ್ದರಂತೆ.

ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ಕಡೆ ತಿರುಗಿ, "ನೀವು ಇಲ್ಲೇ ಇದ್ದು ವಾಸಿ ಮಾಡ್ಕೊಂಡು ಬನ್ನಿ ಕಣಮ್ಮ. ನಾನು ಹೋಗ್ತೀನಿ" ಅಂದರು.

ಈ ಮಾತನ್ನು ನಾನೇ ಮೊದಲು ಹೇಳಿಬಿಡಬಹುದಿತ್ತು, ಅರ್ಧ ಗಂಟೆ ಉಳಿಯುತ್ತಿತ್ತು. ಆದರೆ ಸೀಮಂತಕ್ಕೆ ಬರಬೇಡಿ ಅಂತ ಹೊರಗಿನವಳೊಬ್ಬಳು ಹೇಳಿದರೆ ಅದು ಹತ್ತು ವರ್ಷ ಉಳಿಯುವ ಮಾತು, ಅದರ ಹೊರೆ ಬೀಳುವುದು ಸೊಸೆಯ ತಲೆ ಮೇಲೆ. ಅದೇ ಮಾತು ಅತ್ತೆಯ ಬಾಯಿಂದ ಬಂದರೆ ಬೀಗರ ಎದುರು ಸಮರ್ಥಿಸುವವರೂ ಅವರೇ. ಕೂಡುಕುಟುಂಬದಲ್ಲಿ ಸಲಹೆ ಯಾರ ಬಾಯಿಂದ ಬಂತು ಅನ್ನುವುದು ಸಲಹೆಯಷ್ಟೇ ಮುಖ್ಯ.

ಇಲ್ಲಿಂದ ಮುಂದಿನದು ತಾರೀಖಿನ ಕೆಲಸ. ಇದನ್ನು ಆ ರಾತ್ರಿಯೇ ಇಲ್ಲಿನ ಮಕ್ಕಳ ವೈದ್ಯರೊಬ್ಬರಿಂದ ಖಚಿತಪಡಿಸಿಕೊಂಡು ಹೇಳಿದೆ.

ಗುಳ್ಳೆ ಕಾಣುವ ಒಂದೆರಡು ದಿನ ಮುಂಚಿನಿಂದ, ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಚಿಕನ್‌ಪಾಕ್ಸ್ ಹರಡುತ್ತದೆ. ಸಾಮಾನ್ಯವಾಗಿ ಗುಳ್ಳೆ ಎದ್ದ ಮೇಲೆ ಐದರಿಂದ ಏಳು ದಿನ. ಹುಡುಗನಿಗೆ ಗುಳ್ಳೆ ಕಂಡದ್ದು ಮಂಗಳವಾರ, ಅಂದರೆ ಭಾನುವಾರದಿಂದ ಹರಡುತ್ತಿದ್ದಾನೆ. ಸೋದರತ್ತೆ ಅವನನ್ನು ಕೊನೆಯ ಸಲ ಮುಟ್ಟಿದ್ದು ಶುಕ್ರವಾರ. ಹಾಗಾಗಿ ಅವಳಿಗೆ ಇನ್ನೂ ತಗಲಿರಲಾರದು. ಈ ಒಂದು ವಾಕ್ಯಕ್ಕೆ ಅತ್ತೆ ಕೈ ಮುಗಿದರು. ಆದರೂ ಅವಳ ಹೆರಿಗೆ ಡಾಕ್ಟರಿಗೆ ಮರುದಿನವೇ ವಿಷಯ ತಿಳಿಸಿ, ರೋಗನಿರೋಧಕ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಲು ಹೇಳಿದೆ. ನಿರೋಧಕವಿಲ್ಲದ ಬಸುರಿ ಸೋಂಕಿತರ ಹತ್ತಿರ ಬಂದುಬಿಟ್ಟಿದ್ದರೆ ಹತ್ತು ದಿನದೊಳಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಇದೆ. ಅದಕ್ಕೇ ಮುಚ್ಚಿಟ್ಟಷ್ಟೂ ದಿನ ನಷ್ಟ.

ಮನೆಯವರಲ್ಲಿ ಅತ್ತೆಗೆ, ಗಂಡನಿಗೆ, ಮಗಳಿಗೆ ಹಿಂದೆಯೇ ಆಗಿತ್ತು. ಹೆಂಡತಿಗೆ ಆಗಿಲ್ಲ, ತವರಿಗೆ ಫೋನ್ ಮಾಡಿ ಕೇಳಿದ್ದಾಯಿತು. ಈ ಅಂಶ ಎಲ್ಲರ ಲೆಕ್ಕ ತಪ್ಪಿಸಿತು. ಆಗಿಲ್ಲದವರು ಸೋಂಕಿತರ ಜೊತೆಗಿದ್ದರೆ ಎಂಟನೇ ದಿನದಿಂದ ಇಪ್ಪತ್ತೊಂದನೇ ದಿನದವರೆಗೆ ಅವರೂ ಹರಡಬಲ್ಲರು ಎಂದುಕೊಂಡೇ ನಡೆದುಕೊಳ್ಳಬೇಕು. ಭಾನುವಾರಕ್ಕೆ ಎಂಟು ಸೇರಿಸಿ: ಮುಂದಿನ ಸೋಮವಾರ, ಸೀಮಂತದ ದಿನವೇ. ಆರೋಗ್ಯವಾಗಿ ಕಾಣುವ ಅತ್ತಿಗೆ ಬಂದು ಬಸುರಿಗೆ ಆರತಿ ಎತ್ತುವಾಗಲೇ ಅಂಟಿಸಬಹುದಿತ್ತು.

ಆದ್ದರಿಂದ ಹೀಗೆ ಹಂಚಿಕೊಳ್ಳಲು ಹೇಳಿದೆ. ಅತ್ತೆ ಮೊಮ್ಮಗಳನ್ನು ಕರೆದುಕೊಂಡು ಶುಕ್ರವಾರ ಟೂರಿನವರ ಜೊತೆ ಹೊರಡುವುದು. ಗಂಡ ಹೆಂಡತಿ ಇಬ್ಬರೂ ಮಗನ ಜೊತೆ ಉಳಿಯುವುದು. ಹೆಂಡತಿ ಗುರುವಾರವೇ ಕ್ಲಿನಿಕ್ಕಿಗೆ ಹೋಗಿ ಚಿಕನ್‌ಪಾಕ್ಸ್ ಲಸಿಕೆಯ ಬಗ್ಗೆ ಕೇಳುವುದು. ಸೋಂಕಿಗೆ ಒಡ್ಡಿಕೊಂಡ ಮೂರು ದಿನದೊಳಗೆ ಹಾಕಿಸಿದರೆ ಹೆಚ್ಚು ಪ್ರಯೋಜನ, ಐದನೇ ದಿನದವರೆಗೂ ಹಾಕುತ್ತಾರೆ. ಬಸುರಿಗೆ ಈ ಲಸಿಕೆ ಹಾಕುವಂತಿಲ್ಲ, ಹಾಕಿಸಿದ ಮೇಲೆ ಒಂದು ತಿಂಗಳು ಬಸುರಾಗಲೂಬಾರದು. ಹಾಗಾಗಿ ಮುಟ್ಟಿನ ದಿನ ಡಾಕ್ಟರಿಗೆ ಹೇಳಬೇಕು. ಊರಿಗೆ ಬಂದ ಮೇಲೆ ಹೆಂಡತಿ ನೇರ ತನ್ನ ತವರಿಗೆ ಹೋಗಿ, ಮಗನ ಗುಳ್ಳೆಗಳು ಹಕ್ಕಳೆ ಕಟ್ಟಿದ ದಿನದಿಂದ ಮೂರು ವಾರ ಅಲ್ಲೇ ಇರುವುದು. ಆ ಮನೆಯಲ್ಲಿ ಬಸುರಿ, ಹಸುಗೂಸು ಯಾರೂ ಇಲ್ಲ ಎಂದು ಕೇಳಿಕೊಂಡೆ.

ಇದಕ್ಕೆ ಗಂಡನ ತಕರಾರು ಬಂತು. ಸಿಂಗಪುರದಲ್ಲಿ ಒಂದು ವಾರ ಹೆಚ್ಚಿಗೆ ರೂಮು, ಇಬ್ಬರ ಊಟ, ಟಿಕೆಟ್ ಬದಲಾವಣೆ. ಇವಳೊಬ್ಬಳೇ ಇದ್ದರೆ ಸಾಲದೇ, ನಾನು ಅಂಗಡಿ ನೋಡಿಕೊಳ್ಳುತ್ತೇನೆ ಅಂದರು. ಖರ್ಚಿನ ಮಾತು ಸುಳ್ಳಲ್ಲ. ಆದರೂ ನಾನು ಬಗ್ಗಲಿಲ್ಲ, ಕಾರಣ ಇಲ್ಲೂ ಹೇಳುತ್ತೇನೆ. ಮೂರು ನಾಲ್ಕು ದಿನ ಹೊಸ ಗುಳ್ಳೆಗಳು ಸರದಿಯಲ್ಲಿ ಏಳುತ್ತಲೇ ಇರುತ್ತವೆ, ರಾತ್ರಿ ತುರಿಕೆಗೆ ಮಗು ಮಲಗುವುದಿಲ್ಲ. ಒಬ್ಬರೇ ಇದ್ದರೆ ನಿದ್ದೆಗೆಟ್ಟು ಸಿರಪ್ಪಿನ ಅಳತೆ, ಸಮಯ ತಪ್ಪುತ್ತಾರೆ. ಹೊರಗೆ ಔಷಧಿ ತರಲು ಹೋದರೆ ಮಗು ಒಂಟಿ. ಆ ಇಬ್ಬರಲ್ಲಿ ರೋಗದಿಂದ ರಕ್ಷಣೆ ಇರುವವರು ಗಂಡ, ರಕ್ಷಣೆ ಇಲ್ಲದವಳು ಹೆಂಡತಿ. ಆಕೆಗೇ ಜ್ವರ ಬಂದರೆ ಇಬ್ಬರು ರೋಗಿಗಳು. ಮಗುವಿನ ಕಾಯಿಲೆ ಅಂದರೆ ತಾಯಿ ಪಾಲು ಅನ್ನುವ ಪದ್ಧತಿಗೆ ಇಲ್ಲಿ ಯಾವ ಆಧಾರವೂ ಇರಲಿಲ್ಲ. ರಾತ್ರಿ ಎರಡರವರೆಗೆ ಗಂಡ, ಆಮೇಲೆ ಹೆಂಡತಿ ಎಂದು ಪಾಳಿ ಮಾಡಿಕೊಳ್ಳಿ ಅಂದೆ. ಅಂಗಡಿಯನ್ನು ತಮ್ಮ ನೋಡಿಕೊಂಡ.

ಆರೈಕೆಯ ವಿಷಯದಲ್ಲಿ ಹೆಚ್ಚು ತಪ್ಪು ಆಗುವುದು ಸಿರಪ್ಪಿನಲ್ಲಿ. ಪ್ಯಾರಸಿಟಮಾಲನ್ನು ಮಗುವಿನ ತೂಕಕ್ಕೆ ಕೊಡಬೇಕು. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಈ ಹುಡುಗ 20 ಕಿಲೋ, ಅಂದರೆ 200ರಿಂದ 300 ಮಿಲಿಗ್ರಾಂ. ಆದರೆ ಬಾಟಲಿಗಳು ಒಂದೇ ಥರ ಇರುವುದಿಲ್ಲ: ಒಂದರಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250. ತೆಳು ಸಿರಪ್ಪಿನ ಅಭ್ಯಾಸದಲ್ಲಿ ಗಟ್ಟಿ ಸಿರಪ್ಪನ್ನು ಹತ್ತು ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ ಹೋಗಿರುತ್ತದೆ. ಊರಿನ ಬಾಟಲಿ, ಅಲ್ಲಿ ಕೊಂಡ ಬಾಟಲಿ ಎರಡನ್ನೂ ಒಟ್ಟಿಗೆ ಬಳಸಬೇಡಿ, ಒಂದನ್ನು ಸೂಟ್‌ಕೇಸಿನಲ್ಲಿ ಬೀಗ ಹಾಕಿಡಿ. ಐಬುಪ್ರೊಫೆನ್ ಬೆರೆಸಿದ ಜ್ವರದ ಸಿರಪ್ ನಮ್ಮ ಮನೆಗಳಲ್ಲಿ ಸಾಮಾನ್ಯ, ಇವರ ಬ್ಯಾಗಿನಲ್ಲೂ ಇತ್ತು. ಚಿಕನ್‌ಪಾಕ್ಸ್‌ನಲ್ಲಿ ಅದು ಬೇಡ, ಚರ್ಮದ ತೀವ್ರ ಸೋಂಕಿಗೆ ದಾರಿಯಾಗಬಹುದು. ಆಸ್ಪಿರಿನ್ ಅಂತೂ ಕೂಡದೇ ಕೂಡದು, ಮಿದುಳು ಮತ್ತು ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುವ ರೀಸ್ ಸಿಂಡ್ರೋಮ್ ಬರುವ ಅಪಾಯವಿದೆ.

ಸ್ನಾನ ಮಾಡಿಸಬಾರದು ಅನ್ನುವುದು ಅತ್ತೆಯ ಕಟ್ಟುನಿಟ್ಟಾಗಿತ್ತು. ಉಗುರುಬೆಚ್ಚಗಿನ ನೀರಿನ ಸ್ನಾನದಿಂದ ತುರಿಕೆ ಇಳಿಯುತ್ತದೆ. ಟವೆಲಿನಿಂದ ಉಜ್ಜದೆ ಒತ್ತಿ ಒರೆಸಬೇಕು. ಆಮೇಲೆ ಕ್ಯಾಲಮೈನ್ ಲೋಷನ್. ಉಗುರು ಗಿಡ್ಡ ಕತ್ತರಿಸಿ. ಗುಳ್ಳೆ ಒಡೆದು ಉಗುರಿನ ಕೊಳೆ ಸೇರಿದರೆ ಕೀವಾಗಿ ಕಲೆ ಉಳಿಯುತ್ತದೆ. ಬೇವಿನ ಸೊಪ್ಪು ಹಾಸಿಗೆಯ ಪಕ್ಕ ಇದ್ದರೆ ನನ್ನ ಅಡ್ಡಿಯಿಲ್ಲ, ಅರೆದು ಒಡೆದ ಗುಳ್ಳೆಗೆ ಮೆತ್ತಬೇಡಿ. ಒಗ್ಗರಣೆಯಿಲ್ಲದ ಮೊಸರನ್ನ, ಎಳನೀರು ಅತ್ತೆಯ ಪಥ್ಯವೂ ಹೌದು, ಬಾಯೊಳಗೆ ಗುಳ್ಳೆ ಎದ್ದ ಮಗು ನುಂಗಬಲ್ಲ ಊಟವೂ ಹೌದು. ಅಕ್ಕಿ, ಮೊಸರನ್ನು ಗಂಡ ಲಿಟ್ಲ್ ಇಂಡಿಯಾದಿಂದ ತಂದರು. ಹರಕೆಗೆ ಅತ್ತೆ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ತೆಗೆದಿಟ್ಟು, ಸಿರಪ್ಪಿನ ಹೊತ್ತನ್ನು ಹಾಳೆಯಲ್ಲಿ ತಾವೇ ಗುರುತು ಹಾಕಿ ಹೊರಟರು. ಎರಡೂ ಒಟ್ಟಿಗೆ ನಡೆಯಬಹುದು.

ಜ್ವರ ನಾಲ್ಕು ದಿನ ದಾಟಿದರೆ, ಇಳಿದ ಜ್ವರ ಮತ್ತೆ ಏರಿದರೆ, ಗುಳ್ಳೆಯ ಸುತ್ತ ಚರ್ಮ ಕೆಂಪಾಗಿ ಬಿಸಿಯಾಗಿ ಊದಿದರೆ, ಉಸಿರಾಟ ಕಷ್ಟವಾದರೆ, ನಡೆಯುವಾಗ ತೂರಾಡಿದರೆ, ಕುತ್ತಿಗೆ ಬಿಗಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ ಕ್ಲಿನಿಕ್ಕನ್ನು ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಸಿಂಗಪುರದಲ್ಲಿ ಆಂಬುಲೆನ್ಸಿಗೆ 995. ಈ ಸಂಖ್ಯೆಯನ್ನು ರೂಮಿನ ಬಾಗಿಲಿಗೆ ಅಂಟಿಸಲು ಹೇಳಿದೆ, ಗಾಬರಿಯಲ್ಲಿ 108 ಒತ್ತುವವರೇ ಹೆಚ್ಚು.

ಟೂರಿನವರಿಗೆ ಹೇಳುವುದು ಹೇಗೆ ಅನ್ನುವುದೇ ಹೆಂಡತಿಯ ದೊಡ್ಡ ಸಂಕಟವಾಗಿತ್ತು. ಬಸ್ಸಿನಲ್ಲಿ ಎಲ್ಲರೂ ಹತ್ತಿರದ ಊರಿನವರು, ನಾಳೆ ಮದುವೆ ಮುಂಜಿಯಲ್ಲಿ ಸಿಗುವವರು. ಒಬ್ಬೊಬ್ಬರ ಹತ್ತಿರ ಕ್ಷಮೆ ಕೇಳುತ್ತಾ ಹೋದರೆ ಮಾತು ಬೆಳೆಯುತ್ತದೆ. ವಾಟ್ಸಾಪ್ ಗುಂಪಿಗೆ ಒಂದೇ ಸಂದೇಶ ಹಾಕಿ ಅಂದು ಹೀಗೆ ಬರೆಸಿದೆ: "ನಮ್ಮ ಮಗನಿಗೆ ಚಿಕನ್‌ಪಾಕ್ಸ್ ಎಂದು ಡಾಕ್ಟರು ಇಂದು ಹೇಳಿದ್ದಾರೆ. ಗುಳ್ಳೆ ಕಂಡದ್ದು ಮಂಗಳವಾರ ರಾತ್ರಿ. ಭಾನುವಾರದಿಂದ ನಮ್ಮ ಜೊತೆಗಿದ್ದವರಲ್ಲಿ ಬಸುರಿಯರು, ಒಂದು ವರ್ಷದೊಳಗಿನ ಕೂಸು, ಕ್ಯಾನ್ಸರ್ ಅಥವಾ ಸ್ಟಿರಾಯ್ಡ್ ಚಿಕಿತ್ಸೆಯಲ್ಲಿರುವವರು ಇದ್ದರೆ ಇಂದೇ ಡಾಕ್ಟರನ್ನು ಕೇಳಿ. ಹಿಂದೆ ಆಗಿದ್ದವರು, ಎರಡು ಡೋಸ್ ಲಸಿಕೆ ಆದವರು ಹೆದರಬೇಕಿಲ್ಲ. ನಾವು ರೂಮಿನಲ್ಲೇ ಇರುತ್ತೇವೆ, ಊಟದ ಹಾಲಿಗೂ ಬಸ್ಸಿಗೂ ಬರುವುದಿಲ್ಲ." ಇದರಲ್ಲಿ ಕ್ಷಮೆ ಇಲ್ಲ, ಯಾರಿಂದ ಬಂತು ಅನ್ನುವ ವಿವರಣೆಯೂ ಇಲ್ಲ. ದಿನ ಇದೆ, ಯಾರು ಏನು ಮಾಡಬೇಕು ಅನ್ನುವುದಿದೆ. ಇಬ್ಬರು ಕೊಂಕು ಮಾತಾಡಿದರು. ಬಾಣಂತಿ ಸೊಸೆ ಇರುವ ಮನೆಗೆ ಮರಳಬೇಕಿದ್ದ ಒಬ್ಬ ಹೆಂಗಸು ಖಾಸಗಿಯಾಗಿ ಧನ್ಯವಾದ ಹೇಳಿದರು. ಹೋಟೆಲಿನವರಿಗೂ ಹೇಳಿದ್ದರಿಂದ ಹಾಸಿಗೆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಾಗಿಲ ಹೊರಗಿಡುವ ಏರ್ಪಾಡಾಯಿತು.

ಟಿಕೆಟ್ಟಿನ ಮಾತು. ವಿಮಾನದವರು ಬಾಗಿಲಲ್ಲಿ ಗುಳ್ಳೆ ನೋಡಿದರೆ ಹತ್ತಿಸದೆ ಇರುವ ಅಧಿಕಾರ ಅವರಿಗಿದೆ. ಆಗ ಲಗೇಜು ಇಳಿಸಿ, ಇಡೀ ಕುಟುಂಬ ಹೊರಗೆ, ಅದೂ ರಾತ್ರಿ ಹೊತ್ತು. ಹೇಳದೆ ಕೇಳದೆ ವಿಮಾನಕ್ಕೆ ಹೋಗದಿದ್ದರೆ ಸಾಮಾನ್ಯವಾಗಿ ಟಿಕೆಟ್ ಪೂರ್ತಿ ಹೋಗುತ್ತದೆ. ಮೊದಲೇ ತಿಳಿಸಿದರೆ ಶುಲ್ಕ ಕಟ್ಟಿ ದಿನ ಬದಲಿಸಬಹುದು. ಗುಂಪಿನ ಟಿಕೆಟ್ ಆದರೆ ನೀವೇ ಬದಲಿಸಲು ಆಗುವುದಿಲ್ಲ, ಟೂರ್ ಏಜೆನ್ಸಿಯೇ ಮಾಡಬೇಕು, ಅದಕ್ಕೇ ಅವರಿಗೆ ಬರಹದಲ್ಲಿ ಕೇಳಿ. ವಾಪಸ್ ಹತ್ತಲು ವೈದ್ಯರ ಪತ್ರ ಬೇಕು. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ, ಪಾಸ್‌ಪೋರ್ಟ್ ಸಂಖ್ಯೆ, ಗುಳ್ಳೆ ಕಂಡ ದಿನ, ಕೊನೆಯ ಹೊಸ ಗುಳ್ಳೆ ಎದ್ದ ದಿನ, ಎಲ್ಲವೂ ಹಕ್ಕಳೆ ಕಟ್ಟಿವೆ, ಇನ್ನು ಹರಡುವುದಿಲ್ಲ, ಪ್ರಯಾಣಕ್ಕೆ ಯೋಗ್ಯ ಎಂಬ ಮಾತು, ವಿಮಾನದ ಸಂಖ್ಯೆ, ವೈದ್ಯರ ನೋಂದಣಿ ಸಂಖ್ಯೆ ಅದರಲ್ಲಿರಬೇಕು. ಕೊನೆಯ ಗುಳ್ಳೆಯಿಂದ ಎಷ್ಟು ದಿನ ಕಾಯಬೇಕು ಎಂಬುದು ವಿಮಾನ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅವರ ವೈದ್ಯಕೀಯ ವಿಭಾಗದ ನಮೂನೆ ತರಿಸಿಕೊಂಡು ಡಾಕ್ಟರಿಂದ ಅದನ್ನೇ ತುಂಬಿಸಿದರೆ ಸುರಕ್ಷಿತ. ಸಿಂಗಪುರದ ಇ-ಪಾಸ್‌ನಲ್ಲಿ ಇರಲು ಎಷ್ಟು ದಿನ ಕೊಟ್ಟಿದ್ದಾರೆ ನೋಡಿ, ಸಾಲದಿದ್ದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ಇವರಿಗೆ ಸಾಕಷ್ಟು ದಿನವಿತ್ತು.

ವಿಮೆಯ ಬಗ್ಗೆ ಜನ ಹೆಚ್ಚು ಆಸೆ ಇಟ್ಟುಕೊಂಡಿರುತ್ತಾರೆ. ಪಾಲಿಸಿಯ ಇಪ್ಪತ್ನಾಲ್ಕು ಗಂಟೆಯ ಸಂಖ್ಯೆಗೆ ಮೊದಲು ಫೋನ್ ಮಾಡಿ ಪ್ರಕರಣ ಸಂಖ್ಯೆ ಪಡೆಯಿರಿ. ಹೊರರೋಗಿ ಚಿಕಿತ್ಸೆಯಲ್ಲಿ ಮೊದಲ ಒಂದಿಷ್ಟು ಡಾಲರ್ ನಿಮ್ಮ ಕೈಯಿಂದಲೇ ಹೋಗುತ್ತದೆ. ಹೋಟೆಲಿನ ಹೆಚ್ಚುವರಿ ದಿನಗಳ ಖರ್ಚನ್ನು ಹಲವು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುತ್ತವೆ. ರೋಗದ ಹೆಸರು ಬರೆದ ಚೀಟಿ, ಅಸಲಿ ಬಿಲ್ಲು, ಬೋರ್ಡಿಂಗ್ ಪಾಸ್ ಎಲ್ಲ ಒಂದೇ ಕವರಿನಲ್ಲಿಡಿ.

ಹುಡುಗನ ವಿಷಯಕ್ಕೆ ಬರುತ್ತೇನೆ. ದೊಡ್ಡವರ ಜಗಳ ಅವನ ಕಿವಿಗೆ ಬಿದ್ದಿತ್ತು. ಬುಧವಾರವೆಲ್ಲ ತುಟಿ ಬಿಚ್ಚಿರಲಿಲ್ಲ. "ಏನೂ ಆಗಿಲ್ಲ ಕಂದ" ಅನ್ನಬೇಡಿ ಎಂದೆ, ಮೈತುಂಬ ಗುಳ್ಳೆ ಇರುವ ಮಗು ಅದನ್ನು ನಂಬುವುದಿಲ್ಲ. ಹೀಗೆ ಹೇಳಿ: ಈ ಕಾಯಿಲೆ ನಿನಗೆ ನಾವು ಹೊರಡುವ ಮುಂಚೆಯೇ ಬಂದಿತ್ತು, ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಗುಳ್ಳೆ ಒಣಗಿದ ದಿನ ಮನೆಗೆ ಹೋಗೋಣ. ಅತ್ತೆಯ ಹೊಟ್ಟೆಯಲ್ಲಿರೋ ಪಾಪುಗೆ ಅಂಟಬಾರದು ಅಂತ ಕಾಯ್ತಾ ಇದ್ದೀವಿ. ಜೊತೆಗೆ ಒಂದು ಕೆಲಸ ಕೊಡಿಸಿದೆ. ದಿನಾ ಬೆಳಿಗ್ಗೆ ಹೊಟ್ಟೆಯ ಮೇಲಿನ ಹೊಸ ಗುಳ್ಳೆಗಳನ್ನು ಅಪ್ಪನ ಜೊತೆ ಎಣಿಸಿ ಹಾಳೆಯಲ್ಲಿ ಬರೆಯುವುದು. ತುರಿಸಿಕೊಳ್ಳುವ ಕೈಗೆ ಕೆಲಸವಾಯಿತು, ಕೊನೆಯ ಹೊಸ ಗುಳ್ಳೆಯ ದಿನ ಡಾಕ್ಟರಿಗೆ ಹೇಳಲು ದಾಖಲೆಯೂ ಆಯಿತು. ಶನಿವಾರದ ನಂತರ ಆ ಹಾಳೆಯಲ್ಲಿ ಸೊನ್ನೆ. ಮಂಗಳವಾರದ ಹೊತ್ತಿಗೆ ಎಲ್ಲ ಹಕ್ಕಳೆ. ಬುಧವಾರ ಪತ್ರ ಸಿಕ್ಕಿ ಗುರುವಾರ ವಿಮಾನ ಹತ್ತಿದರು.

ಸೀಮಂತ ನಡೆಯಿತು. ಅತ್ತೆ ಇದ್ದರು, ಅಣ್ಣ ಅತ್ತಿಗೆ ಇರಲಿಲ್ಲ. ಬಸುರಿಯ ರಕ್ತಪರೀಕ್ಷೆಯಲ್ಲಿ ಅವಳಿಗೆ ರೋಗನಿರೋಧಕ ಇಲ್ಲ ಎಂದೇ ಬಂತು. ಹೆಂಡತಿ ತವರಿನಲ್ಲಿ ಮೂರು ವಾರ ಕಳೆದರು, ಒಂದು ಗುಳ್ಳೆಯೂ ಏಳಲಿಲ್ಲ. ಅಲ್ಲಿಗೆ ಇನ್ನೊಂದು ಮಾತು ಶುರುವಾಯಿತು. ಏನೂ ಆಗಲಿಲ್ಲವಲ್ಲ, ಸುಮ್ಮನೆ ಸೊಸೆಯನ್ನು ಅಷ್ಟು ದಿನ ತವರಿನಲ್ಲಿ ಕೂರಿಸಿದರು, ಸೀಮಂತಕ್ಕೆ ಅಡ್ಡ ಬಂದರು ಅಂತ ಗಂಡನ ಅಣ್ಣನ ಮನೆಯವರು ನನ್ನ ಬಗ್ಗೆ ಹೇಳಿಕೊಂಡಿದ್ದಾರೆ. ಲಸಿಕೆಯಿಂದ ತಪ್ಪಿತೋ, ಅದೃಷ್ಟದಿಂದ ತಪ್ಪಿತೋ ಯಾರೂ ಹೇಳಲಾಗದು. ರಕ್ಷಣೆ ಇಲ್ಲದವರು ಒಂದೇ ಮನೆಯಲ್ಲಿದ್ದರೆ ಹತ್ತರಲ್ಲಿ ಒಂಬತ್ತು ಜನಕ್ಕೆ ತಗಲುವ ರೋಗ ಇದು. ಅದೇ ಲೆಕ್ಕ ಮತ್ತೆ ಎದುರಿಗೆ ಬಂದರೆ ಸಲಹೆ ಬದಲಾಗುವುದಿಲ್ಲ.

ಕೊನೆಯ ಭೇಟಿಗೆ ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ವಿಮೆಯವರು ಕ್ಲಿನಿಕ್ಕಿನ ಬಿಲ್ಲಿನ ಒಂದು ಭಾಗ ಕೊಟ್ಟಿದ್ದರು, ಹೋಟೆಲಿನದು ಕೊಟ್ಟಿರಲಿಲ್ಲ. ದೊಡ್ಡವರಿಗೆ ಲಸಿಕೆಯ ಎರಡನೇ ಡೋಸ್ ಮೊದಲನೆಯದಾದ ನಾಲ್ಕರಿಂದ ಎಂಟು ವಾರಕ್ಕೆ ಹಾಕಿಸಬೇಕು. ಹೆಂಡತಿಯದು ಇನ್ನೂ ಬಾಕಿ ಇತ್ತು. ಈ ಸಲ ಕರೆದುಕೊಂಡು ಹೋಗುವ ದಿನವನ್ನು ಗಂಡ ಫೋನಿನಲ್ಲಿ ಗುರುತು ಹಾಕಿಕೊಂಡರು.